ಮಗು ಹುಟ್ಟಿದ ಮೂರನೇ ರಾತ್ರಿ

ತಂಗಿಗೆ ಹೆರಿಗೆಯಾಗಿ ಅಂದಿಗೆ ಮೂರನೇ ರಾತ್ರಿ. ಅಮ್ಮ ಬೆಳ್ಳುಳ್ಳಿ ಸಾರಿನ ಅನ್ನ ಕಲಸಿಕೊಟ್ಟು ಆಚೆ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಅಕ್ಕಾ, ಮುಖ ನೋಡಿದ ತಕ್ಷಣ ಕರುಳು ಚುರ್ ಅನ್ನುತ್ತೆ ಅಂತ ಎಲ್ಲರೂ ಅಂದಿದ್ರು. ನಂಗೇನೂ ಅನ್ನಿಸ್ಲೇ ಇಲ್ಲ. ಹಾಲೂ ಬರ್ತಿಲ್ಲ. ನಾನೆಂಥ ತಾಯಿ?" ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ಪಕ್ಕದಲ್ಲಿ ಅಮ್ಮನ ಹಳೇ ಹತ್ತಿ ಸೀರೆಯ ತುಂಡು ಸುತ್ತಿಕೊಂಡು ಮಗು ನಿದ್ದೆ ಹೋಗಿತ್ತು.

ಹಾಲಿನ ಮಾತು ಮೊದಲು. ಬಸುರಿಯಾಗಿದ್ದಾಗಲೇ ಎದೆ ಹಾಲಿಗೆ ಸಜ್ಜಾಗಿರುತ್ತದೆ. ಆದರೆ ಮಾಸು ಸ್ರವಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಅದನ್ನು ತಡೆಹಿಡಿದಿರುತ್ತದೆ. ಮಾಸು ಬಿದ್ದ ಮೇಲೆ ಆ ತಡೆ ಕಳಚಿ, ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್‌ನ ಕೈ ಮೇಲಾಗುತ್ತದೆ. ಆದರೂ ಎದೆ ತುಂಬಿ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಚೊಚ್ಚಲ ಬಾಣಂತಿಗೆ, ಸಿಸೇರಿಯನ್ ಆದವರಿಗೆ ಇನ್ನೂ ಕೊಂಚ ತಡ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ, ಅಂಟಂಟಾದ ಗಿಣ್ಣುಹಾಲು. ಸಲಕ್ಕೆ ಒಂದು ಚಮಚದಷ್ಟು ಬಂದರೆ ಹೆಚ್ಚು. ಹುಟ್ಟಿದ ದಿನದ ಪುಟ್ಟ ಹೊಟ್ಟೆಗೆ ಅದು ಸಾಕು, ಸೋಂಕು ತಡೆಯುವ ಪ್ರತಿಕಾಯಗಳೂ ಅದರಲ್ಲಿ ದಟ್ಟವಾಗಿರುತ್ತವೆ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದೂ ಸಹಜ. ಶೇ 10ರಷ್ಟು ಇಳಿದರೆ ಮಾತ್ರ ವೈದ್ಯರು ನೋಡಲೇಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಸಕ್ಕರೆ ನೀರು, ಜೇನು ನೆಕ್ಕಿಸುತ್ತಾರೆ. ಜೇನು ವರ್ಷದೊಳಗಿನ ಮಗುವಿಗೆ ಅಪಾಯ. ಅದೂ ಅಲ್ಲದೆ ಮಗು ಚೀಪಿದಷ್ಟೇ ಹಾಲು. ಚೀಪುವುದು ತಪ್ಪಿದರೆ ಹಾಲೂ ತಪ್ಪುತ್ತದೆ.

ಹಾಲಿಗೆ ದಾರಿ ಬಿಡುವ ಆ ಹಾರ್ಮೋನು ಇಳಿತವೇ ಕಣ್ಣೀರನ್ನೂ ತರಿಸುತ್ತದೆ. ಒಂಬತ್ತು ತಿಂಗಳು ಏರಿದ್ದ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಕೆಲವೇ ದಿನಗಳಲ್ಲಿ ತಳ ಮುಟ್ಟುತ್ತವೆ. ಜೊತೆಗೆ ನಿದ್ದೆಗೆಟ್ಟ ರಾತ್ರಿಗಳು. ಮೂರರಿಂದ ಐದನೇ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರ ಅನುಭವ.

ಇನ್ನು ಮಮತೆ. 1980ರಲ್ಲಿ ರಾಬ್ಸನ್ ಮತ್ತು ಕುಮಾರ್ ಎಂಬ ಸಂಶೋಧಕರು ಬ್ರಿಟನ್ನಿನ ತಾಯಂದಿರ ಅಧ್ಯಯನವೊಂದನ್ನು ಪ್ರಕಟಿಸಿದರು. ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಏನನ್ನಿಸಿತು ಎಂದು ಕೇಳಿದ್ದಕ್ಕೆ ಚೊಚ್ಚಲ ತಾಯಂದಿರಲ್ಲಿ ಸುಮಾರು ಶೇ 40 ಮಂದಿ ಹೇಳಿದ್ದು, ವಿಶೇಷವಾಗಿ ಏನೂ ಅನ್ನಿಸಲಿಲ್ಲ ಎಂದು. ಹೆಚ್ಚಿನವರಲ್ಲಿ ವಾರದೊಳಗೆ ಅಕ್ಕರೆ ಮೂಡಿತ್ತು. ಸೀಮಂತದಲ್ಲಿ ಮಡಿಲು ತುಂಬುವ ಹಿರಿಯರು ಇದೊಂದು ಮಾತನ್ನೂ ಕಿವಿಯಲ್ಲಿ ಹಾಕಬಾರದೇ ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಅಳುವನ್ನೂ ಹೀಗೆ ಸಹಜ ಎಂದು ಬಿಡುವಂತಿಲ್ಲ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅದು ಖಿನ್ನತೆಯಿರಬಹುದು; ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಅದರ ಪ್ರಮಾಣ ಶೇ 22. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದ ಭ್ರಮೆಯ ಕಾಯಿಲೆ ಅಪರೂಪ, ಆದರೆ ಅದಕ್ಕೆ ತಕ್ಷಣ ಆಸ್ಪತ್ರೆಯೇ ಬೇಕು. ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನೆಯಿಂದಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಉಚಿತ.

ಆ ರಾತ್ರಿ ತಂಗಿ "ಹತ್ತರಲ್ಲಿ ನಾಲ್ಕು ಜನಾನಾ?" ಎಂದು ಎರಡು ಸಲ ಕೇಳಿದಳು. ಐದನೇ ದಿನ ಮಗು ಅತ್ತಾಗ ಎತ್ತಿಕೊಳ್ಳುವ ಮೊದಲೇ ಅವಳ ರವಿಕೆ ಒದ್ದೆಯಾಗಿತ್ತು. ಮಮತೆ ಯಾವತ್ತು ಬಂತೋ ಅವಳಿಗೂ ನೆನಪಿಲ್ಲ. ನಾಮಕರಣದ ದಿನ ದೊಡ್ಡಮ್ಮ ಮಗುವನ್ನು ಎತ್ತಿಕೊಂಡಾಗ, "ಕತ್ತು ಹಿಡ್ಕೊಳಿ, ಕತ್ತು ಹಿಡ್ಕೊಳಿ" ಎಂದು ಊಟದ ಎಲೆ ಬಿಟ್ಟು ಎದ್ದು ಬಂದಿದ್ದಳು.