ಅಗ್ಗದ ಜಾಗದ ಅಡಿಯಲ್ಲಿ ಶೇಡಿ ಮಣ್ಣು

ಮಂಗಳೂರು, ಉಡುಪಿಯ ಸುತ್ತಮುತ್ತ ಇವತ್ತು ಕಡಿಮೆ ಬೆಲೆಗೆ ಸಿಗುವ ಜಾಗ ಹೆಚ್ಚಾಗಿ ಎರಡು ಬಗೆಯದು. ಒಂದು ಗುಡ್ಡೆಯ ಇಳಿಜಾರು, ಇನ್ನೊಂದು ಮಣ್ಣು ತುಂಬಿಸಿದ ಗದ್ದೆ. ಕಡಿಮೆ ಆದಾಯದವರಿಗೆ ಮನೆ ಕಟ್ಟುವ ಯೋಜನೆಗಳ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ಸೆಂಟ್ಸಿಗೆ (ಎಕರೆಯ ನೂರನೇ ಒಂದು ಭಾಗಕ್ಕೆ) ಇಷ್ಟು ಎಂಬ ದರ ನೋಡಿದರೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಮನೆ ಕೈಗೆಟಕುತ್ತದೋ ಇಲ್ಲವೋ ಎಂಬುದನ್ನು ಕಲ್ಲು, ಸಿಮೆಂಟಿನ ದರಕ್ಕಿಂತ ಹೆಚ್ಚಾಗಿ ನೆಲ, ನೀರು ಮತ್ತು ದಾಖಲೆ ತೀರ್ಮಾನಿಸುತ್ತವೆ. ಯೋಜನಾ ಸಲಹೆಗಾರರ ನಿಜವಾದ ಕೆಲಸ ಇರುವುದು ಇಲ್ಲಿ. ನಕ್ಷೆ ಬರೆದು ಪರವಾನಗಿ ತಂದುಕೊಡುವುದು ಆ ಕೆಲಸದ ಕೊನೆಯ ಭಾಗ ಮಾತ್ರ. ಅದನ್ನೇ ಇಡೀ ಕೆಲಸ ಎಂದುಕೊಂಡ ಕಡೆ ಮಳೆಗಾಲ ಬಂದಾಗ ಉಳಿದ ಬಿಲ್ಲು ಬರುತ್ತದೆ.

ಗುಡ್ಡೆಯನ್ನೇ ಮೊದಲು ನೋಡೋಣ. ನಮ್ಮ ಗುಡ್ಡೆಗಳ ಮೇಲ್ಭಾಗ ಮುರಕಲ್ಲಿನ (ಲ್ಯಾಟರೈಟ್) ಗಟ್ಟಿ ಚಿಪ್ಪು. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು. ಊರವರು ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಅದಕ್ಕೂ ಕೆಳಗೆ ಬಂಡೆ. ಮೂರೂ ಮೂಲದಲ್ಲಿ ಒಂದೇ ಬಂಡೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಲಕ್ಷಾಂತರ ವರ್ಷ ಬಂಡೆಯೊಳಗಿನ ಸಿಲಿಕಾವನ್ನೂ ಕ್ಷಾರಗಳನ್ನೂ ತೊಳೆದು ಒಯ್ದಿತು. ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಗಟ್ಟಿಯಾಗಿ ಮುರಕಲ್ಲಾದವು. ಕೆಳಗೆ ಬಂಡೆ ಅರ್ಧಕ್ಕೆ ಕೊಳೆತು ಕೇಯೊಲಿನ್ ಎಂಬ ಜೇಡಿ ತುಂಬಿದ ಶೇಡಿಯಾಯಿತು.

ಒಣಗಿದ ಶೇಡಿ ಮೋಸ ಮಾಡುತ್ತದೆ. ಜನವರಿಯಲ್ಲಿ ಜೆಸಿಬಿಯಿಂದ ನೇರವಾಗಿ ಕೊಯ್ದರೂ ದರೆ, ಅಂದರೆ ಕೊಯ್ದ ಗುಡ್ಡೆಯ ಕಡಿದಾದ ಬದಿ, ಗೋಡೆಯಂತೆ ನಿಲ್ಲುತ್ತದೆ. ಜುಲೈಯಲ್ಲಿ ನೀರು ಕುಡಿದ ಮೇಲೆ ಅದೇ ಮಣ್ಣು ಚಹಾದಲ್ಲಿ ಅದ್ದಿದ ರಸ್ಕಿನಂತೆ ಕಳಚಿ ಬೀಳುತ್ತದೆ. ಮುರಕಲ್ಲಿನ ಚಿಪ್ಪು ಇರುವವರೆಗೆ ಅದು ಶೇಡಿಗೆ ಹೊದಿಕೆ. ನಿವೇಶನ ಮಟ್ಟ ಮಾಡಲು ಚಿಪ್ಪನ್ನು ಕೊಯ್ದು ತೆಗೆದರೆ ಮಳೆಗೆ ನೇರ ದಾರಿ ಸಿಕ್ಕಿತು.

ಮಣ್ಣಿನ ಪರೀಕ್ಷೆಯಲ್ಲೂ ಇಲ್ಲಿ ಎರಡು ತಪ್ಪು ನಡೆಯುತ್ತವೆ. ಕೊರೆಯುವ ಯಂತ್ರ ಮುರಕಲ್ಲಿಗೆ ತಾಗಿ ಮುಂದೆ ಹೋಗದಿದ್ದಾಗ ‘ಬಂಡೆ ಸಿಕ್ಕಿತು’ ಎಂದು ಬರೆದು ನಿಲ್ಲಿಸುವುದು ಒಂದು. ಚಿಪ್ಪನ್ನು ದಾಟಿ ಕೆಳಗಿನ ಪದರಕ್ಕೆ ಹೋಗಲೇಬೇಕು ಎಂಬ ಷರತ್ತು ಕೆಲಸದ ಆದೇಶದಲ್ಲೇ ಇರಬೇಕು. ಎರಡನೆಯದು, ಏಪ್ರಿಲ್‌ನ ಒಣ ಮಣ್ಣನ್ನು ಅಳೆದು, ಆ ಬಲ ವರ್ಷವಿಡೀ ಇರುತ್ತದೆ ಎಂದು ನಂಬುವುದು. ಮಾದರಿಯನ್ನು ಪ್ರಯೋಗಾಲಯದಲ್ಲಿ ಪೂರ್ತಿ ನೆನೆಸಿ ಪರೀಕ್ಷಿಸಿದ ಅಂಕಿ ಕೊಡಿ ಎಂದು ಕೇಳಬೇಕು. ಬಾವಿಯ ನೀರಿನ ಮಟ್ಟವನ್ನು ಆಗಸ್ಟ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಅಳೆದಿಟ್ಟುಕೊಂಡರೆ ಅಡಿಪಾಯದ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ದರೆ ಕೊಯ್ದ ಮೇಲೆ ತಡೆಗೋಡೆ ಬೇಕು. 4 ಮೀಟರ್ ಎತ್ತರದ ಗೋಡೆಯ ಹಿಂದೆ ಮಣ್ಣು ಒಣಗಿದ್ದರೆ, ಪ್ರತಿ ಮೀಟರ್ ಉದ್ದದ ಮೇಲೆ ಅದು ತಳ್ಳುವ ಬಲ ಸುಮಾರು 5 ಟನ್. ಗೋಡೆಯ ಹಿಂದೆ ನೀರು ತಲೆಯವರೆಗೆ ನಿಂತರೆ ನೀರೊಂದೇ 8 ಟನ್ ತಳ್ಳುತ್ತದೆ, ನೆನೆದ ಮಣ್ಣಿನ ಪಾಲು ಸೇರಿ 10 ಟನ್ ದಾಟುತ್ತದೆ. ಗೋಡೆ ಅದೇ, ಒತ್ತಡ ಎರಡು ಪಟ್ಟು. ಮಳೆಗಾಲದಲ್ಲಿ ತಡೆಗೋಡೆಗಳು ಮಗುಚುವುದಕ್ಕೆ ಮುಖ್ಯ ಕಾರಣ ಇದು; ಕಲ್ಲು ಕಡಿಮೆ ಬಿತ್ತು ಎಂಬುದಲ್ಲ, ನೀರಿಗೆ ದಾರಿ ಇರಲಿಲ್ಲ ಎಂಬುದು. ಒಂದರಿಂದ ಒಂದೂವರೆ ಮೀಟರ್ ಅಂತರದಲ್ಲಿ 75ರಿಂದ 100 ಮಿಲಿಮೀಟರಿನ ಪೈಪುಗಳು, ಅವುಗಳ ಹಿಂದೆ ಜಲ್ಲಿ, ಜಲ್ಲಿ ಮತ್ತು ಮಣ್ಣಿನ ನಡುವೆ ಸೋಸುವ ಬಟ್ಟೆ, ದರೆಯ ನೆತ್ತಿಯಲ್ಲಿ ನೀರನ್ನು ಬದಿಗೆ ತಿರುಗಿಸುವ ಚರಂಡಿ. ಈ ನಾಲ್ಕರಲ್ಲಿ ಬಟ್ಟೆ ಬಿಟ್ಟುಹೋದರೆ ಶೇಡಿಯ ನುಣುಪು ಮಣ್ಣು ಹರಿದು ಬಂದು ಪೈಪು ಕಟ್ಟಿಕೊಳ್ಳುತ್ತದೆ, ಉಳಿದ ಮೂರಿದ್ದೂ ಉಪಯೋಗವಿಲ್ಲ. ಜಾಗದ ದರ ಹೋಲಿಸುವಾಗ ಈ ಗೋಡೆಯ ಖರ್ಚನ್ನು ಸೆಂಟ್ಸಿನ ಬೆಲೆಗೆ ಕೂಡಿಸಿಯೇ ಹೋಲಿಸಬೇಕು.

ಇನ್ನು ಗದ್ದೆ. ನಮ್ಮ ಹಿರಿಯರು ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರಿನ ಲೆಕ್ಕದಲ್ಲಿ. ಬೈಲು ತಗ್ಗು, ನೀರು ಬಂದು ನಿಲ್ಲುವ ಕಡೆ, ಮಜಲು ನಡುವಿನದು, ಬೆಟ್ಟು ಎತ್ತರ. ಮುರಕಲ್ಲು ಹಾಸಿದ ಸಮತಟ್ಟು ಜಾಗಕ್ಕೆ ಪದವು ಎಂಬ ಹೆಸರು ಬೇರೆಯೇ ಇದೆ. ಉಡುಪಿಯ ಬೈಲೂರು, ಬೈಲಕೆರೆ, ಮಂಗಳೂರಿನ ಪದವಿನಂಗಡಿ ಎಂಬ ಹೆಸರುಗಳಲ್ಲಿ ಆ ತಿಳಿವಳಿಕೆ ಉಳಿದಿದೆ. ಹಳೆಯ ಸರ್ವೆ ನಕ್ಷೆಯಲ್ಲಿ ತೋಡು (ಮಳೆನೀರು ಹರಿಯುವ ಸಣ್ಣ ಹಳ್ಳ) ಎಲ್ಲಿತ್ತು ಎಂದು ನೋಡುವುದು ಯಾವುದೇ ಸಲಹಾ ವರದಿಯ ಮೊದಲ ಪುಟವಾಗಬೇಕು.

ಬೈಲಿಗೆ ಒಂದೂವರೆ ಮೀಟರ್ ಮಣ್ಣು ತುಂಬಿಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 2.7 ಟನ್ ಭಾರ ಬೀಳುತ್ತದೆ. ಅದು ಎರಡು ಅಂತಸ್ತಿನ ಮನೆ ಹೊರಿಸಿದಷ್ಟು, ಮನೆ ಕಟ್ಟುವ ಮೊದಲೇ! ಕೆಳಗಿನ ಮೆದು ಕೆಸರು ವರ್ಷಗಟ್ಟಲೆ ನಿಧಾನವಾಗಿ ನೀರು ಬಿಟ್ಟು ಕುಸಿಯುತ್ತಾ ಹೋಗುತ್ತದೆ. ಮನೆಯ ಒಂದು ಮೂಲೆ ಗಟ್ಟಿ ನೆಲದ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ ಬಂದರೆ ಕಿಟಕಿಯ ಮೂಲೆಯಿಂದ ಓರೆಯಾದ ಬಿರುಕು ಶುರು. ತೋಡು ಮುಚ್ಚಿದ್ದರ ನೋವು ಇನ್ನೊಬ್ಬರಿಗೆ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ನಾಲ್ಕು ಲಕ್ಷ ಲೀಟರ್ ನೀರು. ಗದ್ದೆ ಅದನ್ನು ಹುಣಿಗಳ (ಬದುಗಳ) ನಡುವೆ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತಿತ್ತು. ಕಾಂಕ್ರೀಟು ಅಂಗಳ ಕೂಡಲೇ ಪಕ್ಕದವರ ಮನೆಗೆ ಕಳಿಸುತ್ತದೆ.

ಕೊಳಚೆಯ ವಿಷಯದಲ್ಲಿ ಮನೆಗೆ ಐದು ಸೆಂಟ್ಸಿನ ತುಂಡು ಹಂಚುವ ಪದ್ಧತಿಯೇ ಸೋಲುತ್ತದೆ. ಐದು ಸೆಂಟ್ಸ್ ಎಂದರೆ ಸುಮಾರು 202 ಚದರ ಮೀಟರ್, ಹದಿಮೂರೂವರೆಗೆ ಹದಿನೈದು ಮೀಟರಿನ ತುಂಡು. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ ಕನಿಷ್ಠ 18 ಮೀಟರ್ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಈ ತುಂಡಿನ ಮೂಲೆಯಿಂದ ಮೂಲೆಗೇ 20 ಮೀಟರ್. ನಿಮ್ಮ ಗುಂಡಿ ನಿಮ್ಮ ಬಾವಿಯಿಂದ ದೂರ ಹೋದಷ್ಟೂ ನೆರೆಯವರ ಬಾವಿಗೆ ಹತ್ತಿರ. ಮುರಕಲ್ಲು ತೂತುಗಳ ಕಲ್ಲಾದ್ದರಿಂದ ನೀರು ಸೋಸದೆಯೇ ಹಾಯುತ್ತದೆ. 40 ಕುಟುಂಬ, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ನೀರು 27,000 ಲೀಟರ್; ಅದರ ಶೇ. 80ರಷ್ಟು, ಅಂದರೆ ಸುಮಾರು 21,600 ಲೀಟರ್, ಕೊಳಚೆ. ಇದಕ್ಕೆ ಒಂದೇ ಸಾಮೂಹಿಕ ಶುದ್ಧೀಕರಣ ಘಟಕವಿರಲಿ, ಅದು ಜಾಗದ ಅತಿ ತಗ್ಗಿನಲ್ಲಿರಲಿ, ಆದರೆ ನೆರೆ ನೀರು ಏರುವ ಮಟ್ಟಕ್ಕಿಂತ ಮೇಲಿರಲಿ.

ಹಾಗಾಗಿ ನನ್ನ ಮತ ಸ್ಪಷ್ಟ: ಕಡಿಮೆ ಆದಾಯದವರಿಗೆ ತುಂಡು ನಿವೇಶನ ಹಂಚುವುದಕ್ಕಿಂತ ನೆಲ ಮತ್ತು ಮೂರು ಮಹಡಿಯ ಕಟ್ಟಡ ಉತ್ತಮ. ಪ್ರಧಾನಮಂತ್ರಿ ಆವಾಸ್ ಯೋಜನೆ 2015ರಲ್ಲಿ ನಗರಗಳಿಗೆ ಬಂದಾಗ ಆರ್ಥಿಕವಾಗಿ ದುರ್ಬಲರ ಮನೆಗೆ ಇಟ್ಟ ಒಳವಿಸ್ತೀರ್ಣ 30 ಚದರ ಮೀಟರ್. ಗೋಡೆ, ಮೆಟ್ಟಿಲು, ಓಡಾಟದ ಜಾಗ ಸೇರಿ 42 ಎಂದಿಟ್ಟುಕೊಳ್ಳಿ. ಒಂದು ಎಕರೆಯಲ್ಲಿ 60 ಮನೆ ಎಂದರೆ 2,520 ಚದರ ಮೀಟರ್, ನಾಲ್ಕು ಅಂತಸ್ತಿಗೆ ಹಂಚಿದರೆ ನೆಲದ ಮೇಲೆ 630. ಆ ಎಕರೆಯ ಆರನೇ ಒಂದು ಭಾಗಕ್ಕಿಂತ ಕಡಿಮೆ. ಗುಡ್ಡೆ ಕೊಯ್ಯುವುದು ತಪ್ಪುತ್ತದೆ, ತೋಡು ಉಳಿಯುತ್ತದೆ, ಮನೆಗೆ ಬೀಳುವ ಜಾಗದ ಪಾಲು ಒಂದೂಮುಕ್ಕಾಲು ಸೆಂಟ್ಸಿಗೂ ಕಡಿಮೆ. ಇನ್ನೂ ಎತ್ತರಕ್ಕೆ ಹೋಗುವುದು ಬೇಡ. ಒಂದು ಮಿತಿ ದಾಟಿದರೆ ಎತ್ತರದ ಕಟ್ಟಡಗಳ ಅಗ್ನಿ ಸುರಕ್ಷಾ ನಿಯಮಗಳು ಬೀಳುತ್ತವೆ, ಲಿಫ್ಟು ಬೇಕಾಗುತ್ತದೆ. ಅವುಗಳ ತಿಂಗಳ ನಿರ್ವಹಣೆ ಇಂಥ ಕುಟುಂಬಗಳಿಗೆ ಬಾಡಿಗೆಯಷ್ಟೇ ಭಾರ.

ಹಳೆಯ ವಸತಿಯನ್ನು ಕೆಡವಿ ಅಲ್ಲಿಯೇ ಹೊಸದು ಕಟ್ಟುವುದಾದರೆ ಸಮೀಕ್ಷೆಯಲ್ಲಿ ಬಾಗಿಲು ಎಣಿಸಬಾರದು, ಒಲೆ ಎಣಿಸಬೇಕು. ಒಂದು ಹೆಂಚಿನ ಮಾಡಿನಡಿ ಮೂರು ಸಂಸಾರ ಇರುತ್ತವೆ. ಮನೆಯಲ್ಲೇ ನಡೆಯುವ ಕಸುಬನ್ನೂ ಬರೆದುಕೊಳ್ಳಬೇಕು. ಬೀಡಿ ಕಟ್ಟುವ ಹೆಂಗಸರಿಗೆ ಬೆಳಕು, ಗಾಳಿ ಇರುವ ಜಗಲಿ ಬೇಕು. ಇಲ್ಲವಾದರೆ ಹೊಗೆಸೊಪ್ಪಿನ ಧೂಳು ಮಕ್ಕಳು ಮಲಗುವ ಕೋಣೆಗೇ ಬರುತ್ತದೆ. ಮಲ್ಪೆಯ ಕಡೆಯ ಮೀನುಗಾರರಿಗೆ ಬಲೆ ಇಡಲು ಕೆಳಗಡೆ ಜಾಗ ಬೇಕು. ಮೂರನೇ ಮಹಡಿಯಲ್ಲಿ ಮನೆ ಕೊಟ್ಟು ಇದನ್ನು ಮರೆತರೆ ಅವರು ಮನೆಯನ್ನು ಬಾಡಿಗೆಗೆ ಕೊಟ್ಟು ಕಡಲ ಬದಿಗೇ ಮರಳುತ್ತಾರೆ, ಅದು ಅವರ ತಪ್ಪಲ್ಲ.

ದಾಖಲೆ ಎಲ್ಲ ಕಡೆಯೂ ಕಷ್ಟವೇ, ನಮ್ಮಲ್ಲಿ ಅದಕ್ಕೆ ಬೇರೆ ಗಂಟುಗಳಿವೆ. ಮೂಲಗೇಣಿ, ಅಂದರೆ ಶಾಶ್ವತ ಗೇಣಿಯ ಜಾಗದಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದರೂ ಭೂಮಿಯ ಒಡೆತನ ಬೇರೆಯವರದು. ಮನೆ ಕಟ್ಟಿಕೊಂಡ ಗೇಣಿದಾರರಿಗೆ ಒಡೆತನ ಕೊಡಲು ರಾಜ್ಯ 2011ರ ಕಾಯ್ದೆ ತಂದಿದೆ. ಆ ಪ್ರಕ್ರಿಯೆ ಎಲ್ಲಿಯವರೆಗೆ ಬಂದಿದೆ ಎಂದು ಪ್ರತಿ ಮನೆಗೂ ಬೇರೆ ಬೇರೆಯಾಗಿ ನೋಡಬೇಕು. ಕುಮ್ಕಿ ಎಂದರೆ ಪಕ್ಕದ ಪಟ್ಟಾ ಜಮೀನಿನ ಒಡೆಯನಿಗೆ (ವರ್ಗದಾರನಿಗೆ) ಸೊಪ್ಪು, ಸೌದೆಯ ಅನುಕೂಲ ಇರುವ ಸರಕಾರಿ ಭೂಮಿ, ಮಾರುವ ಹಕ್ಕಿಲ್ಲ. ಹೊಳೆ, ಕಡಲಿನ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾಯುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು.

ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುವುದರಿಂದ ಭಾರತೀಯ ಮಾನಕ 456ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದಿರುವ ಕಾಂಕ್ರೀಟು ಕನಿಷ್ಠ ಎಂ30 ಎಂಬ ಬಲದ ದರ್ಜೆಯದಾಗಿರಬೇಕು, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು. ಅಳಿವೆಯ ಉಪ್ಪು ಹೊಯಿಗೆ (ಮರಳು) ಕೂಡದು. ಖರ್ಚು ಇಳಿಸುವ ಹೆಸರಲ್ಲಿ ಮೊದಲು ಕತ್ತರಿ ಬೀಳುವುದು ಈ ಹೊದಿಕೆಗೆ.

ಕ್ಯಾಲೆಂಡರು ಕೊನೆಯದಲ್ಲ, ಮೊದಲು ಬರೆಯಬೇಕಾದದ್ದು. ಮಣ್ಣಿನ ಕೆಲಸಕ್ಕೆ ಸಿಗುವುದು ಅಕ್ಟೋಬರ್ ಕೊನೆಯಿಂದ ಮೇ ಮಧ್ಯದವರೆಗೆ. ಮಂಜೂರಾತಿ ಫೆಬ್ರವರಿಗೆ ಬಂದರೆ ಆ ವರ್ಷ ದರೆ ಮುಟ್ಟದೆ ಕಾಯುವುದು ಲೇಸು; ಕೊಯ್ದ ದರೆಯನ್ನು ಗೋಡೆಯಿಲ್ಲದೆ ಮಳೆಗೆ ಬಿಡುವುದು ಅತಿ ದುಬಾರಿ ತಪ್ಪು. ಹಳೆ ಮನೆ ಖಾಲಿ ಮಾಡಿಸುವ ದಿನವನ್ನೂ ಹಾಗೆಯೇ ನಿಗದಿ ಮಾಡಬೇಕು, ತಾತ್ಕಾಲಿಕ ಬಾಡಿಗೆಯನ್ನು ಎರಡು ಮಳೆಗಾಲಕ್ಕೆ ಲೆಕ್ಕ ಹಾಕಿ ಅಂದಾಜಿನಲ್ಲೇ ಸೇರಿಸಬೇಕು. ನಿವಾಸಿಗಳ ಸಂಘಕ್ಕೆ ಕೀಲಿಕೈ ಕೊಡುವ ದಿನ ತಡೆಗೋಡೆಯ ಪೈಪುಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನೂ ಕೊಡಬೇಕು, ಪ್ರತಿ ಮೇ ತಿಂಗಳಲ್ಲಿ ಅವುಗಳಿಗೆ ಸರಳು ಹಾಕಿ ತೆರವು ಮಾಡಲು ಯಾರು, ಯಾವ ಹಣದಿಂದ ಎಂದು ಬರೆದು.