ಕಾಲು ಸುತ್ತಿನ ಲೆಕ್ಕ

ಮೇ ತಿಂಗಳ ಮಟಮಟ ಮಧ್ಯಾಹ್ನ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಕೆಂಪು ದೀಪಕ್ಕೆ ನಿಲ್ಲುವುದೇ ಒಂದು ಶಿಕ್ಷೆ. ನಿಂತ ಗಾಡಿ ಅಲ್ಲೇ ಬಂದ್ ಬಿದ್ದರೆ ಕೇಳಲೇಬೇಡಿ. ನನ್ನ ಸ್ಕೂಟರು 2014ರದ್ದು, 110 ಸಿಸಿ. ಓಡುವಾಗ ಯಾವ ತಕರಾರೂ ಇರಲಿಲ್ಲ. ರಿಂಗ್ ರೋಡಿನಲ್ಲಿ ಅರವತ್ತರ ವೇಗಕ್ಕೂ ಹಿಂದೆಮುಂದೆ ನೋಡುತ್ತಿರಲಿಲ್ಲ. ನಿಲ್ಲಿಸಿದಾಗ ಮಾತ್ರ ಕನ್ನಡಿಗಳು ಗಡಗಡ ನಡುಗಿ, ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಸುಮ್ಮನಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸ್ಕ್ರೂ ಡ್ರೈವರ್ ಹಿಡಿದು, ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗವನ್ನು ಹೊಂದಿಸುವ ಸ್ಲೋ ಸ್ಕ್ರೂವನ್ನು ಒಂದು ಸುತ್ತು ಬಿಗಿ ಮಾಡಿದೆ. ಎಂಜಿನ್ ಜೋರಾಗಿ ತಿರುಗತೊಡಗಿತು, ಬಂದ್ ಬೀಳುವುದು ನಿಂತಿತು. ಮರುದಿನ ಸಿಗ್ನಲ್‌ನಲ್ಲಿ ಬ್ರೇಕು ಬಿಟ್ಟದ್ದೇ ತಡ, ಗಾಡಿ ತಾನಾಗಿ ಮುಂದಿನ ಆಟೋದ ಕಡೆ ತೆವಳಿತು. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಎಂಜಿನ್ ವೇಗವನ್ನೇ ನೆಚ್ಚಿಕೊಂಡದ್ದು: ಜೋರಾಗಿ ತಿರುಗಿದಾಗ ಅದರೊಳಗಿನ ಶೂಗಳು ಹೊರಕ್ಕೆ ಅಗಲಿ ಡ್ರಮ್ಮನ್ನು ಹಿಡಿಯುತ್ತವೆ. ನಾನು ಸ್ಲೋ ಏರಿಸಿ, ನಿಂತಲ್ಲೇ ಅವು ಅರೆಬರೆ ಹಿಡಿಯುವಂತೆ ಮಾಡಿದ್ದೆ. ಹಳೆಯ ರೋಗ ಹೋಗಲಿಲ್ಲ, ಕ್ಲಚ್ಚು ಸವೆಯುವ ಹೊಸ ರೋಗ ಸೇರಿಕೊಂಡಿತು.

"ಬಂದ್ ಬೀಳ್ಲತ್ತದಂತ ರೇಸ್ ಏರ್ಸಿ ಇಟ್ಟೀರೇನ್ ಸರ್? ಜ್ವರ ಬಂದಾಂವಗ ಓಡು ಅಂದಂಗಾತು," ಅಂದರು ಉಸ್ತಾದ್. ನಮ್ಮ ಕಡೆ ಮೆಕ್ಯಾನಿಕ್ಕಿಗೆ ಅದೇ ಹೆಸರು, ಅದೇ ಮರ್ಯಾದೆ. ಬೇವಿನ ಮರ, ಅದರ ಕೆಳಗೆ ಎರಡು ಶಹಾಬಾದ್ ಫರ್ಸಿ, ಎಣ್ಣೆ ಕುಡಿದು ಕಪ್ಪಾದ ಪಾನಾಗಳ ಡಬ್ಬಿ: ಅವರ ವರ್ಕ್‌ಶಾಪ್ ಅಂದರೆ ಇಷ್ಟೇ.

ಅವರು ಮೊದಲು ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಹಚ್ಚಿ, ತಲೆ ಓರೆ ಮಾಡಿ ಕೇಳುತ್ತ ಕುಳಿತರು. ಇದು ತೋರಿಕೆಯಲ್ಲ. ಇಂಥ ಸ್ಕೂಟರಿನ ಎಂಜಿನ್ ಸ್ಲೋದಲ್ಲಿ ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುತ್ತದೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಸಿಡಿತ, ಅಂದರೆ ಸೆಕೆಂಡಿಗೆ 14. ಎಣಿಸಲು ಇದು ಹೆಚ್ಚಾಯಿತು. ಆದರೆ ನಡುವೆ ಒಂದು ತಪ್ಪಿದರೆ, ತಬಲಾದ ಪೆಟ್ಟು ತಪ್ಪಿದಂತೆ, ಪಳಗಿದ ಕಿವಿಗೆ ತಟ್ಟನೆ ಹೊಳೆಯುತ್ತದೆ. "ಮಿಸ್ಸಿಂಗ್ ಹೊಡಿಲತ್ತದ" ಅಂತ ಅವರು ಹೇಳಿದ್ದು ಅದನ್ನೇ.

ಒಂದೊಂದು ಸಿಡಿತಕ್ಕೆ ಬೇಕಾದ ಪೆಟ್ರೋಲ್ ಎಷ್ಟು? ಮನೆಗೆ ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ: ಎರಡು ಮೂರು ಮಿಲಿಗ್ರಾಂ. ಒಗ್ಗರಣೆಗೆ ಹಾಕುವ ಒಂದು ಸಾಸಿವೆ ಕಾಳಿನ ತೂಕ. ಅಷ್ಟನ್ನು ಸೆಕೆಂಡಿಗೆ 14 ಸಲ ತೂಗಿ, ಸುಮಾರು ಹದಿನಾಲ್ಕೂವರೆ ಪಟ್ಟು ತೂಕದ ಹವೆಯ ಜೊತೆ ಬೆರೆಸಿ ಕೊಡಬೇಕು. ಕರೆಂಟಿಲ್ಲ, ಸೆನ್ಸರ್ ಇಲ್ಲ. ಇದನ್ನು ಮಾಡುವುದು ಕಾರ್ಬೊರೇಟರ್ ಎಂಬ, ಒಂದಷ್ಟು ತೂತುಗಳಿರುವ ಲೋಹದ ಮುದ್ದೆ.

ತಿಗಣೆಗೆ ಎಣ್ಣೆ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪು ನೆನಪಿದ್ದವರಿಗೆ ಕಾರ್ಬೊರೇಟರ್ ಅರ್ಧ ಗೊತ್ತಿದ್ದಂತೆ. ನಳಿಕೆಯ ಬಾಯಿಯ ಮೇಲೆ ಹವೆ ರಭಸದಿಂದ ಹಾದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಡಬ್ಬಿಯೊಳಗಿನ ಔಷಧ ಮೇಲೇರಿ ತುಂತುರಾಗುತ್ತದೆ. ಹರಿಯುವ ದ್ರವದ ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ. ಕೊಳವೆಯನ್ನು ನಡುವೆ ಕಿರಿದು ಮಾಡಿದರೆ ಏನಾಗುತ್ತದೆ ಎಂದು 1797ರಲ್ಲಿ ಬರೆದವನು ಇಟಲಿಯ ವೆಂಚುರಿ. ಕಾರ್ಬೊರೇಟರಿನ ಕಿರಿದಾದ ಗಂಟಲಿಗೆ ಇಂದಿಗೂ ಅವನದೇ ಹೆಸರು.

ತೊಡಕು ಇರುವುದು ಇಲ್ಲೇ. ಈ ಎಳೆತ ಹವೆಯ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಹತ್ತರಲ್ಲೊಂದಾದರೆ ಎಳೆತ ನೂರರಲ್ಲೊಂದು. ಆಕ್ಸಿಲರೇಟರ್ ಬಿಟ್ಟಾಗ ಗಂಟಲಲ್ಲಿ ಹವೆ ಎಷ್ಟು ಮೆಲ್ಲಗೆ ಹರಿಯುತ್ತದೆಂದರೆ ಮುಖ್ಯ ಜೆಟ್‌ನಿಂದ, ಅಂದರೆ ಪೆಟ್ರೋಲ್ ಬರುವ ದೊಡ್ಡ ತೂತಿನಿಂದ, ಪೆಟ್ರೋಲ್ ಮೇಲೇಳುವುದೇ ಇಲ್ಲ. ಹಾಗಾಗಿ ಸ್ಲೋಗೆಂದೇ ಒಂದು ಕಳ್ಳದಾರಿ ಕೊರೆದಿರುತ್ತಾರೆ. ಆಕ್ಸಿಲರೇಟರ್ ತೆರೆದು ಮುಚ್ಚುವ ಹವೆಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಾಗ ಅದರ ಆಚೆ, ಎಂಜಿನ್ ಕಡೆಗೆ, ಒತ್ತಡ ಬಹಳ ಇಳಿದಿರುತ್ತದೆ. ಅಲ್ಲಿಗೆ ತೆರೆದ ಸಣ್ಣ ಕಿಂಡಿಯ ಮೂಲಕ, ಪೈಲಟ್ ಜೆಟ್ ಎಂಬ ಸಣ್ಣ ತೂತಿನ ಹಿತ್ತಾಳೆಯ ಕಡ್ಡಿಯಿಂದ, ಪೆಟ್ರೋಲ್ ಬರುತ್ತದೆ. ನನ್ನ ಗಾಡಿ ಓಡುವಾಗ ಚೆನ್ನಾಗಿದ್ದು ನಿಂತಾಗ ಸಾಯುತ್ತಿದ್ದುದರ ಗುಟ್ಟು ಇಷ್ಟೇ: ಓಡುವ ಎಂಜಿನ್‌ಗೂ ನಿಂತ ಎಂಜಿನ್‌ಗೂ ಊಟ ಬರುವ ಬಾಗಿಲು ಬೇರೆ ಬೇರೆ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಸ್ಲೋದಲ್ಲಿ ಎಂಜಿನ್ ಒಳಗೆ ಹೊಸ ಹವೆ ಕಡಿಮೆ, ಹಿಂದಿನ ಸಿಡಿತದ ಸುಟ್ಟ ಗಾಳಿಯ ಪಾಲು ಹೆಚ್ಚು. ಹಸಿ ಕಟ್ಟಿಗೆ ಸೇರಿದ ಒಲೆಯಂತೆ ಬೆಂಕಿ ಹೊತ್ತಲು ತಿಣುಕುತ್ತದೆ. ಅದಕ್ಕೇ ಸ್ಲೋಗೆ ಪೆಟ್ರೋಲ್ ತುಸು ಹೆಚ್ಚೇ ಬೇಕು. ಅದು ಕಡಿಮೆಯಾದರೆ ಒಂದು ಸಿಡಿತ ತಪ್ಪುತ್ತದೆ. ತಪ್ಪಿದ್ದರಿಂದ ಸುಟ್ಟ ಗಾಳಿಯ ಬದಲು ಸುಡದ ಮಿಶ್ರಣವೇ ಒಳಗುಳಿದು ಮುಂದಿನದು ಜೋರಾಗಿ ಸಿಡಿಯುತ್ತದೆ. ಜೋರಾಗಿ ಸಿಡಿದದ್ದರಿಂದ ಮತ್ತೆ ಸುಟ್ಟ ಗಾಳಿ ತುಂಬುತ್ತದೆ. ಕುಂಟುವ ಆ ತಾಳ ಹುಟ್ಟುವುದು ಹೀಗೆ.

ಉಸ್ತಾದ್ ಏರ್ ಫಿಲ್ಟರ್ ನೋಡಿದರು. ಎರೆಮಣ್ಣಿನ ಧೂಳು ಗುದ್ದಿ ತುಂಬಿತ್ತು, ಅದು ಕಸದ ಬುಟ್ಟಿಗೆ. ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕಿದರು. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಜೋಡಣೆಗೆ ಸೋಪಿನ ನೀರು ಸಿಂಪಡಿಸಿ ಕಿವಿಗೊಟ್ಟರು. ಅಲ್ಲಿ ಬಿರುಕಿದ್ದರೆ ನೀರು ಅದನ್ನು ಮುಚ್ಚಿದ ಕ್ಷಣ ಎಂಜಿನ್ ದನಿ ಬದಲಾಗಬೇಕು. ಬದಲಾಗಲಿಲ್ಲ. ಕೆಲವರು ಈ ಪರೀಕ್ಷೆಗೆ ಬಿಸಿ ಎಂಜಿನ್ ಮೇಲೆ ಪೆಟ್ರೋಲನ್ನೇ ಚಿಮುಕಿಸುವುದನ್ನು ನೋಡಿದ್ದೇನೆ. ಅಂಥವರ ಹತ್ತಿರ ಗಾಡಿ ಬಿಡಬೇಡಿ.

ಆಮೇಲೆ ಕಾರ್ಬೊರೇಟರ್ ಇಳಿಯಿತು. ಫೆಬ್ರುವರಿಯಿಂದ ಎರಡು ತಿಂಗಳು ಗಾಡಿ ಮೂಲೆಯಲ್ಲಿ ನಿಂತಿತ್ತು. ತಳದ ಬಟ್ಟಲಿನಲ್ಲಿದ್ದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಕುಳಿತಿತ್ತು. ಅದರ ಜೊತೆ ಒಂದಿಷ್ಟು ಬಿಳಿ ಪುಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹವೆಯ ತೇವವನ್ನು ಹೀರಿಕೊಳ್ಳುತ್ತದೆ, ಆ ತೇವ ಲೋಹವನ್ನು ತಿನ್ನುತ್ತದೆ. ಉಸ್ತಾದ್ ಪೈಲಟ್ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ಎತ್ತಿ ತೋರಿಸಿದರು. "ಬೆಳಕ್ ಕಾಣಸ್ತದೇನ್ ನೋಡ್ರಿ." ಕಾಣಲಿಲ್ಲ.

ಅದರ ತೂತು ಮಿಲಿಮೀಟರಿನ ಸುಮಾರು ಮೂರರಲ್ಲೊಂದು ಭಾಗವಷ್ಟೆ. ಹಳೆಯ ವೈರಿನ ಒಂದು ತಾಮ್ರದ ಎಳೆಯನ್ನು ಅವರು ಮೆಲ್ಲಗೆ ಅದರೊಳಗೆ ಆಡಿಸಿದರು. ಸೂಜಿ ಯಾಕಲ್ಲ ಎಂದು ಕೇಳಿದೆ. "ಸೂಜಿ ಹಾಕಿದ್ರ ತೂತ್ ದೊಡ್ಡದಾಗ್ತದ್ರಿ. ತಾಮ್ರ ಮೆತ್ತಗ." ಹಿತ್ತಾಳೆಗಿಂತ ತಾಮ್ರ ಮೆದು, ಉಕ್ಕು ಗಟ್ಟಿ. 0.35 ಮಿಲಿಮೀಟರಿನ ತೂತು ಸೂಜಿ ತಾಗಿ 0.40 ಆಯಿತೆನ್ನಿ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದು. ಆದರೆ ಅದರ ವಿಸ್ತೀರ್ಣ 30% ಹೆಚ್ಚಾಗಿರುತ್ತದೆ. ಆಮೇಲೆ ಯಾವ ಸ್ಕ್ರೂ ತಿರುವಿದರೂ ಗಾಡಿ ಹೊಗೆ ಬಿಡುವುದು ತಪ್ಪದು.

ಜೆಟ್‌ಗೆ ಹವಾ ಹೊಡೆದು ಮತ್ತೆ ಎತ್ತಿದರು. ಈಗ ನಡುವೆ ಚುಕ್ಕೆಯಷ್ಟು ಆಕಾಶ ಕಂಡಿತು.

ಇಷ್ಟೆಲ್ಲ ಆದ ಮೇಲೆ ಸ್ಕ್ರೂವಿನ ಸರದಿ. ಅಪ್ಪನ ಕೆರೆಯವರೆಗೆ ಹೋಗಿ ಬನ್ನಿ ಎಂದು ನನ್ನನ್ನು ಕಳಿಸಿದರು. ಎಂಜಿನ್ ಬಿಸಿಯಾಗದೆ ಹೊಂದಿಸಿದ್ದು ನಿಲ್ಲುವುದಿಲ್ಲ. ಇಲ್ಲಿ ಸ್ಕ್ರೂ ಎರಡು. ನಾನು ತಿರುವಿದ್ದು ಹವೆಯ ಬಾಗಿಲನ್ನು ತುಸು ತೆರೆದಿಡುವ ಸ್ಲೋ ಸ್ಕ್ರೂ. ಪೆಟ್ರೋಲ್ ಮತ್ತು ಹವೆಯ ಪಾಲನ್ನು ಬದಲಿಸುವುದು ಒಳಗೆ ಅಡಗಿ ಕುಳಿತ ಇನ್ನೊಂದು ಸಣ್ಣ ಸ್ಕ್ರೂ. ನನ್ನಂಥ ಸ್ಕೂಟರುಗಳಲ್ಲಿ ಅದು ಎಂಜಿನ್ ಕಡೆಗೆ ಇರುತ್ತದೆ, ಹೊರಕ್ಕೆ ತಿರುವಿದರೆ ಪೆಟ್ರೋಲ್ ಹೆಚ್ಚು. ಹಳೆಯ ಕೆಲವು ಟು ಸ್ಟ್ರೋಕ್ ಬೈಕುಗಳಲ್ಲಿ ಫಿಲ್ಟರ್ ಕಡೆಗಿರುವುದು ಹವಾ ಸ್ಕ್ರೂ, ಅಲ್ಲಿ ಲೆಕ್ಕ ಉಲ್ಟಾ. ಇದು ಗೊತ್ತಿಲ್ಲದೆ ಕೈ ಹಾಕಿ ದಿನವಿಡೀ ಬೆವರು ಸುರಿಸಿದವರುಂಟು.

ಮೊದಲು ಅದನ್ನು ಮೆಲ್ಲಗೆ ಕೊನೆಮುಟ್ಟ ಒಳಗೆ ತಿರುವಿ, ಎರಡು ಸುತ್ತು ಹೊರಗೆ ತಂದರು. ಒತ್ತಿ ಬಿಗಿದರೆ ಸೂಜಿಯಂಥ ತುದಿ ಕೆಡುತ್ತದೆ. ಎಂಜಿನ್ ಹಚ್ಚಿ ಕಾಲು ಸುತ್ತು ಒಳಗೆ; ಕೇಳಿದರು. ದನಿ ತೆಳುವಾಗಿ ತಡವರಿಸಿತು. ಕಾಲು ಸುತ್ತು ಹೊರಗೆ, ಮತ್ತೊಂದು ಕಾಲು. ತಾಳ ಕೂಡಿಕೊಂಡು ವೇಗ ಏರಿತು. ಇನ್ನೂ ಕಾಲು ತಿರುವಿದಾಗ ದನಿ ದಪ್ಪವಾಗಿ ಭಾರವಾಯಿತು, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲಿನ ವಾಸನೆ. ಹಿಂದಕ್ಕೆ ಬಂದು, ವೇಗ ಅತಿ ಹೆಚ್ಚಿದ್ದ ಜಾಗದ ತುಸು ಆಚೆ ನಿಲ್ಲಿಸಿದರು. ನಾನು ಏರಿಸಿದ್ದ ಸ್ಲೋ ಸ್ಕ್ರೂವನ್ನು ಈಗ ಇಳಿಸಿದರು. ಒಮ್ಮೆ ರೇಸ್ ಕೊಟ್ಟು ಬಿಟ್ಟರು: ವೇಗ ಮೇಲೇ ನೇತಾಡದೆ, ಪಾತಾಳಕ್ಕೂ ಬೀಳದೆ ತನ್ನ ಜಾಗಕ್ಕೆ ಬಂದು ಕುಳಿತಿತು. ಕನ್ನಡಿಯಲ್ಲಿ ಬೇವಿನ ಎಲೆಗಳನ್ನು ಎಣಿಸಬಹುದಿತ್ತು.

2020ರ ಏಪ್ರಿಲ್‌ನಿಂದ ಬಂದ, ಬಿಎಸ್ 6 ಹೊಗೆ ನಿಯಮದ ಸ್ಕೂಟರುಗಳಲ್ಲಿ ಈ ಕೆಲಸವನ್ನು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮತ್ತು ಒಂದು ಪುಟ್ಟ ಕಂಪ್ಯೂಟರ್ ಮಾಡುತ್ತವೆ. ಸೈಲೆನ್ಸರಿನ ದಾರಿಯಲ್ಲಿ ಆಮ್ಲಜನಕವನ್ನು ಅಳೆದು ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಕಾರ್ಬೊರೇಟರ್‌ಗೆ ಆ ಅನುಕೂಲ ಇಲ್ಲ. ಅದು ಹವೆಯ ತೂಕ ನೋಡುವುದಿಲ್ಲ, ಎಳೆತವನ್ನಷ್ಟೇ ನೋಡುತ್ತದೆ. ಜನವರಿಯ 15 ಡಿಗ್ರಿ ಮುಂಜಾವಿನಿಂದ ಮೇ ತಿಂಗಳ 42 ಡಿಗ್ರಿ ಮಧ್ಯಾಹ್ನಕ್ಕೆ ನಮ್ಮೂರಿನ ಹವೆ ಸುಮಾರು 9% ತೆಳುವಾಗುತ್ತದೆ. ಅದು 900 ಮೀಟರ್ ಎತ್ತರದ ಬೆಟ್ಟ ಹತ್ತಿದ್ದಕ್ಕೆ ಸಮ. ಯಾದಗಿರಿಯಿಂದ ಬೀದರಿನ ಎತ್ತರಕ್ಕೆ ಹೋದರೂ ಇದರ ಸುಮಾರು ಮೂರರಲ್ಲೊಂದು ಭಾಗದಷ್ಟು ವ್ಯತ್ಯಾಸ ಬರುವುದಷ್ಟೆ. ಹವೆ ತೆಳುವಾದಷ್ಟು ಪೆಟ್ರೋಲ್ ಕಡಿಮೆಯಾಗದ ಕಾರಣ ಬೇಸಿಗೆಯಲ್ಲಿ ಮಿಶ್ರಣ ದಟ್ಟವಾಗುತ್ತದೆ. ಇತ್ತ 20% ಎಥನಾಲ್ ಇರುವ ಪೆಟ್ರೋಲ್ ಪೂರ್ತಿ ಉರಿಯಲು 14.7ರ ಬದಲು ಸುಮಾರು 13.5 ಪಟ್ಟು ಹವೆ ಸಾಕು. ಹಳೆಯ ಜೆಟ್‌ಗೆ ಇದು ಮಿಶ್ರಣ ತೆಳುವಾದಂತೆ. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ.

ಈ ಲೆಕ್ಕವನ್ನೆಲ್ಲ ನಾನು ಉತ್ಸಾಹದಿಂದ ಒಪ್ಪಿಸುವಾಗ ಉಸ್ತಾದ್ ಕೈ ಒರೆಸಿಕೊಳ್ಳುತ್ತಿದ್ದರು. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು, "ದೀಪಾವಳಿ ಆದ್ಮ್ಯಾಲ ಒಮ್ಮೆ ಬಂದ್ ಹೋಗ್ರಿ ಸರ್," ಅಂದರು. "ಥಂಡಿಗಿ ಕಾಲ್ ಸುತ್ತು ಹೊರಗ ತಿರುವಬೇಕಾಗ್ತದ."