ತೊಳೆಯುವವರು ಯಾರು? ಜಾತ್ರೆ, ಉತ್ಸವಗಳ ಕಸದ ಹಿನ್ನೆಲೆ

ಸಾವಿರಾರು ಜನ ಸೇರುವ ಉತ್ಸವವೊಂದನ್ನು ಆದಷ್ಟು ಕಡಿಮೆ ಕಸದಲ್ಲಿ ಮುಗಿಸಬೇಕೆಂದು ಹೊರಟ ಆಯೋಜಕರಿಗೆ ಇಂದು ಸಲಹೆಗಳಿಗೇನೂ ಕೊರತೆಯಿಲ್ಲ. ಪ್ಲಾಸ್ಟಿಕ್ ಬಿಟ್ಟು ಕಾಗದದ ಲೋಟ ತರಿಸಿ ಎನ್ನುವವರಿದ್ದಾರೆ. ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ ಲೇಪವಿರುತ್ತದೆ ಎಂದು ಎಚ್ಚರಿಸುವವರೂ ಇದ್ದಾರೆ. ಗೊಬ್ಬರವಾಗುವ ತಟ್ಟೆಯೇ ಸರಿ ಎಂದು ಒಬ್ಬರು ಹೇಳಿದರೆ, ಆ ತಟ್ಟೆಯನ್ನು ಗೊಬ್ಬರದ ಘಟಕದವರು ಗೇಟಿನ ಒಳಗೇ ಬಿಟ್ಟುಕೊಳ್ಳುವುದಿಲ್ಲ ಎನ್ನುತ್ತಾರೆ ಇನ್ನೊಬ್ಬರು. ತೊಳೆದು ಮತ್ತೆ ಬಳಸೋಣವೆಂದರೆ ನೀರೆಲ್ಲಿದೆ, ಆಳುಗಳೆಲ್ಲಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ. ಈ ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ ಎಂಬುದೇ ತೊಡಕು. ಒಂದೊಂದು ಸಲಹೆಯೂ ಯಾವುದೋ ಕಾಲದ ಯಾವುದೋ ಸಮಸ್ಯೆಗೆ ದೊರೆತ ಉತ್ತರವಾಗಿತ್ತು. ಸಮಸ್ಯೆಯ ಮುಖ ಬದಲಾದರೂ ಉತ್ತರಗಳು ಮಾತ್ರ ಹಾಗೆಯೇ ಉಳಿದು ಒಂದರ ಮೇಲೊಂದು ಪೇರಿಕೊಂಡಿವೆ.

ಎಸೆಯುವ ಲೋಟ ಹುಟ್ಟಿದ್ದು ಸೋಮಾರಿತನದಿಂದಲ್ಲ, ರೋಗದ ಭಯದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶಾಲೆಗಳಲ್ಲಿ, ರೈಲುಗಳಲ್ಲಿ, ಜನ ಸೇರುವ ಇತರ ತಾಣಗಳಲ್ಲಿ ನೀರಿನ ಪೀಪಾಯಿಯ ಪಕ್ಕ ಒಂದು ತಗಡಿನ ಲೋಟ ಇರುತ್ತಿತ್ತು. ಬಂದವರೆಲ್ಲ ಅದನ್ನೇ ತುಟಿಗಿಟ್ಟು ಕುಡಿಯುತ್ತಿದ್ದರು. 1908ರಲ್ಲಿ ಲಫಾಯೆಟ್ ಕಾಲೇಜಿನ ಜೀವವಿಜ್ಞಾನಿ ಆಲ್ವಿನ್ ಡೇವಿಸನ್ ಇಂತಹ ಶಾಲಾ ಲೋಟಗಳಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳ ಬಗ್ಗೆ ಬರೆದರು. ಮರುವರ್ಷ ಕ್ಯಾನ್ಸಸ್ ರಾಜ್ಯ ಎಲ್ಲರಿಗೂ ಒಂದೇ ಎಂಬ ಲೋಟವನ್ನು ನಿಷೇಧಿಸಿತು. ಅದೇ ಹೊತ್ತಿಗೆ ಬಾಸ್ಟನ್ನಿನ ಲಾರೆನ್ಸ್ ಲ್ಯುಯೆಲೆನ್ ಕಾಗದದ ಲೋಟವನ್ನು ರೂಪಿಸಿದ್ದರು, ಹ್ಯೂ ಮೂರ್ ಅದನ್ನು ಮಾರುಕಟ್ಟೆಗೆ ತಂದರು. ‘ಹೆಲ್ತ್ ಕಪ್’ ಎಂದು ಕರೆಸಿಕೊಂಡಿದ್ದ ಅದು 1919ರಲ್ಲಿ ‘ಡಿಕ್ಸಿ ಕಪ್’ ಆಯಿತು. ನಡುವೆ 1918ರ ಇನ್‌ಫ್ಲುಯೆಂಜಾ ಬಂದು ಹೋಗಿತ್ತು. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಬಾರದು ಎಂಬುದನ್ನು ಆ ಬಳಿಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಮೊದಲ ಹೆಜ್ಜೆಯನ್ನು ತಪ್ಪೆನ್ನುವುದು ಕಷ್ಟ.

ಮುಂದಿನ ಅರ್ಧ ಶತಮಾನವನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಯುದ್ಧಾನಂತರದ ಕಾರ್ಖಾನೆಗಳು ಕಾಗದಕ್ಕೆ ಪ್ಲಾಸ್ಟಿಕ್ಕನ್ನೂ ಪ್ಲಾಸ್ಟಿಕ್ಕಿಗೆ ಥರ್ಮೋಕೋಲನ್ನೂ ಸೇರಿಸಿದವು, ಆರೋಗ್ಯದ ಮಾತು ಹಿಂದೆ ಸರಿದು ಅನುಕೂಲದ ಮಾತು ಮುಂದೆ ಬಂತು. 1955ರಲ್ಲಿ ಅಮೆರಿಕದ ಹೆಸರಾಂತ ಸಚಿತ್ರ ಪತ್ರಿಕೆಯೊಂದು ತಟ್ಟೆ, ಲೋಟ, ಚಮಚಗಳನ್ನು ನಗುನಗುತ್ತ ಗಾಳಿಗೆ ತೂರುವ ಕುಟುಂಬವೊಂದರ ಚಿತ್ರ ಹಾಕಿ, ಇವನ್ನೆಲ್ಲ ತೊಳೆಯಲು ನಲವತ್ತು ಗಂಟೆ ಬೇಕಾಗುತ್ತಿತ್ತು, ಈಗ ಬೇಕಿಲ್ಲ ಎಂದು ಸಂಭ್ರಮಿಸಿತ್ತು.

ಆ ನಲವತ್ತು ಗಂಟೆಯ ಲೆಕ್ಕ ಜಾತ್ರೆ, ಉತ್ಸವಗಳಿಗೆ ಮನೆಗಿಂತಲೂ ಚೆನ್ನಾಗಿ ಹೊಂದುತ್ತಿತ್ತು. ಒಂದೆರಡು ದಿನಕ್ಕೆಂದು ಎದ್ದು ನಿಲ್ಲುವ ಮೈದಾನದಲ್ಲಿ ನಲ್ಲಿಯೂ ಇಲ್ಲ, ಚರಂಡಿಯೂ ಇಲ್ಲ. ಎಸೆಯುವ ತಟ್ಟೆ ಬಂದರೆ ತೊಳೆಯುವ ಕೆಲಸವೇ ಮಾಯ. ಆದರೆ ಕೆಲಸ ನಿಜಕ್ಕೂ ಮಾಯವಾಗಲಿಲ್ಲ, ಅದರ ಜಾಗ ಮತ್ತು ಹೊತ್ತು ಬದಲಾಯಿತು. ಅಡುಗೆಯ ಹಿಂಭಾಗದಲ್ಲಿ ಅದೇ ಸಂಜೆ ನಡೆಯುತ್ತಿದ್ದದ್ದು ಮರುದಿನ ನಸುಕಿನಲ್ಲಿ ಮೈದಾನ ಗುಡಿಸುವವರ ಪಾಲಿಗೆ ಬಂತು. ಚಪ್ಪರ, ದೀಪ, ಧ್ವನಿವರ್ಧಕ ಎಲ್ಲಕ್ಕೂ ಖರ್ಚಿನ ಪಟ್ಟಿಯಲ್ಲಿ ಒಂದೊಂದು ಸಾಲು ಇದ್ದರೂ, ಗುಡಿಸಿ ಸಾಗಿಸುವ ಖರ್ಚು ಬಹುಪಾಲು ಊರಿನ ಸಾರ್ವಜನಿಕ ಲೆಕ್ಕಕ್ಕೆ ಸೇರಿಹೋಗುತ್ತಿದ್ದುದರಿಂದ ಆಯೋಜಕರ ಪಟ್ಟಿಯಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ. ಕಾಣದ ಖರ್ಚನ್ನು ಉಳಿಸಲು ಯಾರು ಯೋಚಿಸುತ್ತಾರೆ?

ಕಸ ಕಣ್ಣಿಗೆ ಬಿದ್ದದ್ದು 1980ರ ದಶಕದಲ್ಲಿ. 1987ರಲ್ಲಿ ನ್ಯೂಯಾರ್ಕ್ ಸೀಮೆಯ ಮೂರು ಸಾವಿರ ಟನ್ನಿಗೂ ಮಿಕ್ಕ ಕಸ ಹೊತ್ತ ‘ಮೊಬ್ರೊ 4000’ ಎಂಬ ದೋಣಿ ಇಳಿಸುವ ಜಾಗ ಸಿಗದೆ ದಕ್ಷಿಣಕ್ಕೆ ಬೆಲೀಜ್‌ವರೆಗೂ ಅಲೆದು, ಹೊರಟಲ್ಲಿಗೇ ಮರಳಿ, ಕೊನೆಗೆ ಅದರ ಸರಕು ಬ್ರೂಕ್ಲಿನ್ನಿನ ಒಲೆಯಲ್ಲಿ ಸುಟ್ಟುಹೋಯಿತು. ಆ ದೃಶ್ಯವನ್ನು ಕಂಡ ಜನರ ಬಾಯಲ್ಲಿ ಮರುಬಳಕೆಯ ಮಾತು ನೆಲೆಸಿತು. ಇಲ್ಲಿಂದ ದಾರಿ ಕವಲೊಡೆಯಿತು. ಜರ್ಮನಿಯ ಮ್ಯೂನಿಕ್ ನಗರ 1991ರಿಂದಲೇ ತನ್ನ ಒಡೆತನದ ಜಾಗಗಳಲ್ಲಿ ನಡೆಯುವ ಉತ್ಸವಗಳಲ್ಲಿ ತೊಳೆದು ಬಳಸುವ ತಟ್ಟೆ, ಲೋಟಗಳನ್ನೇ ಕಡ್ಡಾಯ ಮಾಡಿತು. ಉಳಿದ ಬಹುತೇಕ ಕಡೆ ಆರಿಸಿಕೊಂಡದ್ದು ಇನ್ನೊಂದು ದಾರಿ: ಎಸೆಯುವುದನ್ನು ಬಿಡುವುದು ಬೇಡ, ಎಸೆಯುವ ವಸ್ತುವನ್ನು ಬದಲಿಸೋಣ.

ಈ ಎರಡನೆಯ ದಾರಿಯ ವೈಭವದ ಕಾಲವನ್ನು ಹತ್ತಿರದಿಂದ ಕಂಡವರಲ್ಲಿ ನಾನೂ ಒಬ್ಬ. ಯುರೋಪಿನಲ್ಲಿ 2000ದಲ್ಲಿ ‘ಇಎನ್ 13432’ ಎಂಬ ಮಾನದಂಡ ಬಂತು. ಗೊಬ್ಬರವಾಗುತ್ತದೆ ಎಂದು ಹೇಳಿಕೊಳ್ಳುವ ಹೊದಿಕೆ, ಲೋಟ, ತಟ್ಟೆಗಳು ಯಾವ ಪರೀಕ್ಷೆ ಗೆಲ್ಲಬೇಕು ಎಂಬುದನ್ನು ಅದು ನಿಗದಿಪಡಿಸಿತು: ಹನ್ನೆರಡು ವಾರಗಳ ಬಳಿಕ 2 ಮಿಲಿಮೀಟರ್ ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಉಳಿಯಬಾರದು, ಆರು ತಿಂಗಳೊಳಗೆ ಶೇ 90ರಷ್ಟು ಜೈವಿಕವಾಗಿ ಕರಗಿರಬೇಕು. ಮೆಕ್ಕೆಜೋಳದಂತಹ ಬೆಳೆಗಳ ಸಕ್ಕರೆಯಿಂದ ತಯಾರಾಗುವ ಪಿಎಲ್ಎ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಲೋಟಗಳು, ಕಬ್ಬಿನ ಸಿಪ್ಪೆಯ ತಟ್ಟೆಗಳು ಮಳಿಗೆಗಳಿಗೆ ಬಂದವು. ಮೈಮೇಲೆ ಹಸಿರು ಎಲೆಯ ಗುರುತು. ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ, ಎಸೆಯುವ ಸುಖವೂ ಉಳಿಯಿತು, ಮನಸ್ಸೂ ಹಗುರಾಯಿತು.

ಮಾನದಂಡದ ಒಳಗೇ ಇದ್ದ ಒಂದು ಷರತ್ತು ಮಾತ್ರ ಆ ಎಲೆಯ ಗುರುತಿನ ಪಕ್ಕದಲ್ಲಿ ಕಾಣುತ್ತಿರಲಿಲ್ಲ. ಆ ಪರೀಕ್ಷೆ ನಡೆಯುವುದು ದೊಡ್ಡ ಗೊಬ್ಬರ ಘಟಕದ ಸ್ಥಿತಿಯಲ್ಲಿ, ಅಂದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ತಕ್ಕ ತೇವ, ಆಗಾಗ ಮಗುಚುವ ವ್ಯವಸ್ಥೆ ಇರುವಲ್ಲಿ. ಹಿತ್ತಲಿನ ಗುಂಡಿಯಲ್ಲಿ ಆ ಬಿಸಿ ನಿಲ್ಲುವುದಿಲ್ಲ. ಅಲ್ಲಿ ಪಿಎಲ್ಎ ಲೋಟ ತಿಂಗಳುಗಟ್ಟಲೆ ಲೋಟವಾಗಿಯೇ ಇರುತ್ತದೆ. ಘಟಕ ಹತ್ತಿರದಲ್ಲಿದ್ದರೂ ಅವರ ಗೊಬ್ಬರ ಹನ್ನೆರಡು ವಾರಕ್ಕಿಂತ ಮೊದಲೇ ಸಿದ್ಧವಾಗುವುದಾದರೆ, ಲೋಟ ಕರಗುವವರೆಗೆ ಕಾಯಲು ಅವರಿಗೆ ಯಾವ ಕಾರಣವೂ ಇಲ್ಲ. ಸಾಲದ್ದಕ್ಕೆ ನೋಡಲು ಅದು ಸಾಮಾನ್ಯ ಪ್ಲಾಸ್ಟಿಕ್ಕಿನ ಅವಳಿ. ಗೊಬ್ಬರದ ರಾಶಿಗೆ ಸಾಮಾನ್ಯ ಪ್ಲಾಸ್ಟಿಕ್ ಸೇರಿದರೂ ಕೆಡಕು, ಪ್ಲಾಸ್ಟಿಕ್ ಮರುಬಳಕೆಯ ರಾಶಿಗೆ ಪಿಎಲ್ಎ ಸೇರಿದರೂ ಕೆಡಕು.

ಹೀಗಾಗಿ ಇಡೀ ಭಾರ ಕಸದ ಬುಟ್ಟಿಯ ಮುಂದೆ ನಿಂತವರ ಕೈಗೆ ಬಂತು. ಉತ್ಸವವೊಂದರಲ್ಲಿ ಸ್ವಯಂಸೇವಕನಾಗಿ ಮೂರು ಬುಟ್ಟಿಗಳ ಮುಂದೆ ಒಂದು ಮಧ್ಯಾಹ್ನ ಪೂರ್ತಿ ನಿಂತಿದ್ದೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅರ್ಧ ತಿಂದ ತಟ್ಟೆ ಹಿಡಿದು ಬರುವವರು ಫಲಕ ಓದುವುದಕ್ಕೆ ಕೊಡುವ ಸಮಯ ಎರಡು ಸೆಕೆಂಡೂ ಇರುವುದಿಲ್ಲ. ಅವರು ಬುಟ್ಟಿಯೊಳಗೆ ಇಣುಕಿ, ಮೊದಲೇ ಬಿದ್ದಿರುವಂಥದ್ದು ಯಾವುದರಲ್ಲಿದೆಯೋ ಅದರಲ್ಲೇ ಹಾಕುತ್ತಾರೆ. ಮೊದಲ ಹತ್ತು ಮಂದಿ ತಪ್ಪಿದರೆ ಬುಟ್ಟಿ ಸಂಜೆಯವರೆಗೂ ತಪ್ಪುತ್ತದೆ. ಮಳಿಗೆಯಲ್ಲಿ ಕೊಡುತ್ತಿದ್ದ ಲೋಟ, ತಟ್ಟೆಗಳನ್ನೇ ಒಂದೊಂದು ತಂದು ಫಲಕಕ್ಕೆ ತಂತಿಯಿಂದ ಕಟ್ಟಿದ ಮೇಲೆ ಸ್ವಲ್ಪ ಸುಧಾರಿಸಿತು. ಮರುದಿನ ಚೀಲಗಳನ್ನು ಟಾರ್ಪಾಲಿನ ಮೇಲೆ ಸುರಿದು, ಕೈಗವಸು ಹಾಕಿಕೊಂಡು ವಿಂಗಡಿಸಿ ತೂಗಿದೆವು. ಕಣ್ಣಿಗೆ ರಾಶಿ ರಾಶಿಯಾಗಿ ಕಂಡದ್ದು ಲೋಟಗಳು. ತಕ್ಕಡಿ ಜಗ್ಗಿದ್ದು ಉಳಿದ ಆಹಾರ, ಲೋಟದ ತಳದ ನೀರು. ಕಸ ತಗ್ಗಿಸುವ ಚರ್ಚೆ ಬಹುಪಾಲು ತಟ್ಟೆಯ ಸುತ್ತಲೇ ತಿರುಗಿ, ತಟ್ಟೆಯ ಮೇಲೆ ಉಳಿದದ್ದರ ಬಗ್ಗೆ, ಅಂದರೆ ಎಷ್ಟು ಬೇಯಿಸಬೇಕು, ಎಷ್ಟು ಬಡಿಸಬೇಕು ಎಂಬುದರ ಬಗ್ಗೆ ಮೌನವಾಗಿರುವುದು ನನಗೆ ಇಂದಿಗೂ ವಿಚಿತ್ರವಾಗಿಯೇ ಕಾಣುತ್ತದೆ. ‘ಗೊಬ್ಬರಕ್ಕೆ’ ಎಂದು ಬರೆದಿದ್ದ ನಮ್ಮ ಚೀಲಗಳನ್ನು ಘಟಕದವರು ಬಿಚ್ಚಿ ನೋಡಿ, ಹಾಗೆಯೇ ಹಿಂದಕ್ಕೆ ಕಳಿಸಿದರು.

ಹಣ, ಸಿದ್ಧತೆ ಎರಡೂ ಧಾರಾಳವಾಗಿದ್ದ ಕಡೆಯೂ ಇದು ಸುಲಭವಾಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಹಾರದ ಹೊದಿಕೆಗಳಿಗೂ ಬುಟ್ಟಿಗಳಿಗೂ ಒಂದೇ ಬಣ್ಣದ ಗುರುತು ಕೊಟ್ಟು, ಕೂಟದ ಕಸದಲ್ಲಿ ಶೇ 70ರಷ್ಟನ್ನು ಮರುಬಳಕೆಗೆ ಅಥವಾ ಗೊಬ್ಬರಕ್ಕೆ ಕಳಿಸುವ ಗುರಿ ಇಟ್ಟುಕೊಳ್ಳಲಾಗಿತ್ತು. ಕೈಗೆಟುಕಿದ್ದು ಶೇ 62. ಆ ಮಟ್ಟದ ಕೂಟಕ್ಕೆ ಅದು ಸಣ್ಣ ಸಾಧನೆಯಲ್ಲ. ಹತ್ತು ಸ್ವಯಂಸೇವಕರೂ ಸಿಗದ ಊರ ಉತ್ಸವ ಅದೇ ಮಾದರಿಯನ್ನು ನಕಲು ಮಾಡಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ. ಇಷ್ಟರಲ್ಲಿ ನಾರಿನ ತಟ್ಟೆಗಳಿಗೆ ಎಣ್ಣೆ, ನೀರು ಇಂಗದಿರಲು ಬಳಸುತ್ತಿದ್ದ ಪಿಎಫ್ಎಎಸ್ ಎಂಬ ರಾಸಾಯನಿಕಗಳು ಮಣ್ಣಿನಲ್ಲಿ ಕರಗುವುದೇ ಇಲ್ಲ ಎಂಬ ಆತಂಕ ಬಲವಾಯಿತು. ಅಮೆರಿಕದ ಪ್ರಮುಖ ಪ್ರಮಾಣೀಕರಣ ಸಂಸ್ಥೆಯಾದ ಬಿಪಿಐ, 2020ರ ಜನವರಿಯಿಂದ ಇವುಗಳನ್ನು ಬೆರೆಸಿದ ವಸ್ತುಗಳಿಗೆ ‘ಗೊಬ್ಬರವಾಗುತ್ತದೆ’ ಎಂಬ ಗುರುತು ಕೊಡುವುದನ್ನು ನಿಲ್ಲಿಸಿತು.

ಕಾನೂನುಗಳು ಈ ಗೊಂದಲವನ್ನು ಕಡಿಮೆ ಮಾಡಿವೆ ಎನ್ನಲಾಗದು. ಯುರೋಪಿಯನ್ ಒಕ್ಕೂಟ 2021ರ ಜುಲೈ 3ರಿಂದ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳನ್ನೂ ಥರ್ಮೋಕೋಲ್ ಲೋಟಗಳನ್ನೂ ಮಾರುಕಟ್ಟೆಯಿಂದ ಹೊರಗಿಟ್ಟಿತು. ಪಿಎಲ್ಎ ಕೂಡ ಪ್ಲಾಸ್ಟಿಕ್ಕೇ ಎಂಬುದು ಅದರ ನಿಲುವು. ಒಂದು ವರ್ಷದ ಬಳಿಕ, 2022ರ ಜುಲೈ 1ರಿಂದ, ಭಾರತ ಇಂಥವೇ ವಸ್ತುಗಳ ಜೊತೆಗೆ ಬಲೂನಿನ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೋಕೋಲ್, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನೂ ನಿಷೇಧಿಸಿತು, ಆದರೆ ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ವಿನಾಯಿತಿ ಕೊಟ್ಟಿತು. ಒಂದೇ ಲೋಟ, ಎರಡು ತೀರ್ಪು. ಇವೆರಡಕ್ಕಿಂತ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಭಾರತದ 2016ರ ಘನತ್ಯಾಜ್ಯ ನಿಯಮಗಳಲ್ಲಿದ್ದ, ಅಷ್ಟಾಗಿ ಸುದ್ದಿಯಾಗದ ಒಂದು ಸಾಲು: ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕೂ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಮೂಲದಲ್ಲೇ ವಿಂಗಡಿಸಿ ಒಪ್ಪಿಸಬೇಕು. ವಸ್ತು ಯಾವುದು ಎನ್ನುವ ಬದಲು ಹೊಣೆ ಯಾರದು ಎಂದು ಕೇಳಿದ ನಿಯಮ ಅದು.

ನಡುವೆ ಕೋವಿಡ್ ಬಂದು ಎಲ್ಲರನ್ನೂ 1908ಕ್ಕೆ ಮರಳಿಸಿತು. ಮನೆಯಿಂದ ತಂದ ಲೋಟವನ್ನು ಮುಟ್ಟಲೂ ಅಂಗಡಿಗಳು ಹಿಂಜರಿದವು. 2020ರ ಜೂನ್‌ನಲ್ಲಿ ನಾನಾ ದೇಶಗಳ ನೂರಕ್ಕೂ ಹೆಚ್ಚು ತಜ್ಞರು, ಸರಿಯಾಗಿ ತೊಳೆದ ಪಾತ್ರೆಯಿಂದ ಅಪಾಯವಿಲ್ಲ ಎಂದು ಜಂಟಿ ಹೇಳಿಕೆ ಕೊಡಬೇಕಾಯಿತು. ‘ಸರಿಯಾಗಿ ತೊಳೆದ’ ಎಂಬ ಆ ಎರಡು ಪದಗಳೇ ಈಗಿನ ಚರ್ಚೆಯ ತಿರುಳು.

ಮ್ಯೂನಿಕ್ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹಿಡಿದ ದಾರಿಗೆ ಈಗ ಹಲವರು ಬಂದು ಸೇರುತ್ತಿದ್ದಾರೆ. ಠೇವಣಿ ಪಡೆದು ಗಟ್ಟಿ ಲೋಟ ಕೊಡುವುದು, ಲೋಟ ಮರಳಿಸಿದಾಗ ಠೇವಣಿ ಹಿಂದಿರುಗಿಸುವುದು. ಇದರ ಲೆಕ್ಕ ಸರಳ, ಆದರೆ ನಿರ್ದಯಿ. ಪ್ರತಿ ಸಲ ಕೊಟ್ಟ ನೂರು ಲೋಟಗಳಲ್ಲಿ 95 ಮರಳಿದರೆ ಒಂದು ಲೋಟ ಸರಾಸರಿ ಇಪ್ಪತ್ತು ಸಲ ಬಳಕೆಯಾಗುತ್ತದೆ. 90 ಮರಳಿದರೆ ಹತ್ತು ಸಲ. 80 ಮಾತ್ರ ಮರಳಿದರೆ ಬರೀ ಐದು ಸಲ. ಗಟ್ಟಿ ಲೋಟದಲ್ಲಿ ಎಸೆಯುವ ಲೋಟಕ್ಕಿಂತ ಹಲವು ಪಟ್ಟು ಪ್ಲಾಸ್ಟಿಕ್ ಇರುವುದರಿಂದ ಐದೇ ಸಲಕ್ಕೆ ಕಳೆದುಹೋದರೆ ಗಳಿಸಿದ್ದೇನೂ ಉಳಿಯದು. ಉತ್ಸವದ ಹೆಸರು, ವರ್ಷ ಅಚ್ಚು ಹಾಕಿಸಿದ ಚೆಂದದ ಲೋಟಗಳನ್ನು ಜನ ನೆನಪಿಗೆಂದು ಮನೆಗೆ ಒಯ್ಯುತ್ತಾರೆ, ಮುಂದಿನ ವರ್ಷ ಹಳೆಯ ಇಸವಿಯ ಲೋಟ ಯಾರಿಗೂ ಬೇಡವಾಗುತ್ತದೆ. ಲೋಟ ಬೋಳಾಗಿದ್ದಷ್ಟೂ ಒಳ್ಳೆಯದು.

ಮರಳಿ ಬಂದ ಮೇಲಿನ ಕೆಲಸವೂ ಕಡಿಮೆಯಲ್ಲ. ಬಿಸಿನೀರಿನಿಂದ ಶುಚಿಗೊಳಿಸುವ ದೊಡ್ಡ ತೊಳೆಯುವ ಯಂತ್ರಗಳು ಕೊನೆಯ ಜಾಲನೆಗೆ 82 ಡಿಗ್ರಿಯ ಆಸುಪಾಸಿನ ನೀರು ಬಳಸುತ್ತವೆ. ಸ್ಟೀಲಿನ ಲೋಟ ಆ ಬಿಸಿಯನ್ನು ಹಿಡಿದಿಟ್ಟುಕೊಂಡು ತಾನಾಗಿಯೇ ಆರುತ್ತದೆ. ಪ್ಲಾಸ್ಟಿಕ್ಕಿನದು ಬೇಗ ತಣ್ಣಗಾಗಿ ಹನಿಗಳನ್ನು ಉಳಿಸಿಕೊಳ್ಳುತ್ತದೆ. ಅವಸರದಲ್ಲಿ ಒಂದರೊಳಗೊಂದು ಪೇರಿಸಿ ಪೆಟ್ಟಿಗೆಗೆ ತುಂಬಿದರೆ ಮುಂದಿನ ಉತ್ಸವಕ್ಕೆ ತೆರೆದಾಗ ಸಿಗುವುದು ಬೂಷ್ಟು ಹಿಡಿದ ಲೋಟಗಳ ಕಂಬ. ಆದ್ದರಿಂದ ಒಮ್ಮೆ ಪೆಟ್ಟು ತಿಂದ ಆಯೋಜಕರು ಈಗ ಪಟ್ಟಿ ಬರೆಯುವಾಗ ಎಷ್ಟು ಲೋಟ ಎಂಬುದಕ್ಕಿಂತ ಮೊದಲು, ಅವನ್ನು ಬೋರಲು ಹಾಕಲು ಬೇಕಾದ ಜಾಲರಿಗಳನ್ನೂ ಮರುದಿನ ಬೆಳಿಗ್ಗೆ ಆ ಜಾಲರಿಗಳ ಮುಂದೆ ನಿಲ್ಲುವವರ ಕೂಲಿಯನ್ನೂ ಬರೆದುಕೊಳ್ಳುತ್ತಾರೆ.